ನಲವತ್ತೊಂದು ಸಲಾಮು, ಒಂದು ಖಾಲಿ ಮಡಿಲು

ಚನ್ನಪಟ್ಟಣ: ಹೊರಡುವ ಮುನ್ನ

ವಿಮಾನ ಬೀಳುತ್ತದೆ ಎಂದು ಹೆದರುವವನಲ್ಲ ನಾನು. ವಿಮಾನ ಸುಖವಾಗಿ ಇಳಿದು, ನನ್ನ ಪೆಟ್ಟಿಗೆ ಮಾತ್ರ ಬರದಿದ್ದರೆ ಏನು ಗತಿ ಎಂದು ಹೆದರುವವನು. ಪೆಟ್ಟಿಗೆ ಬಂತು ಅನ್ನಿ, ಅದರ ಬೀಗದ ಕೈ? ಐವತ್ತೆರಡು ವರ್ಷ ಹೀಗೇ ಬಾಳಿದ್ದೇನೆ. ನನ್ನದೊಂದು ಗೊಂಬೆ ಕಾರ್ಖಾನೆಯಿದೆ. ಕಾರ್ಖಾನೆ ಎಂದರೆ ಮರ ಕಡೆಯುವ ಮೂರು ಲೇತು, ಇಬ್ಬರು ಕೆಲಸಗಾರರು, ಮೂಲೆಯಲ್ಲಿ ಒಣಗುತ್ತಿರುವ ಆಲೆ ಮರದ ತುಂಡುಗಳು. ಬಾಗಿಲು ಹಾಕಿ ಮನೆಗೆ ಬಂದ ಮೇಲೆ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿ ಬರುತ್ತೇನೆ. ಡಾಕ್ಟರು ವಾಕಿಂಗ್ ಮಾಡಿ ಅಂದಾಗ, ಮಾಡುತ್ತಲೇ ಇದ್ದೇನೆ ಎಂದು ಧೈರ್ಯವಾಗಿ ಹೇಳಿದ್ದೆ.

ಇಂಥವನು ಉಜ್ಬೇಕಿಸ್ತಾನಕ್ಕೆ ಹೋದದ್ದು ಅಕ್ಕನ ಸಲುವಾಗಿ. ನಾವು ಆಪಾ ಎನ್ನುತ್ತೇವೆ, ಬೀದಿಯವರ ಬಾಯಲ್ಲಿ ಆಪಮ್ಮ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕುರಾನು ಓದಿಸಿದರು, ಹದೀಸ್ ಹೇಳಿಕೊಟ್ಟರು. ಹದೀಸ್ ಎಂದರೆ ಪ್ರವಾದಿಯವರು ಆಡಿದ ಮಾತು, ನಡೆದುಕೊಂಡ ರೀತಿ. ಕಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೇಳುತ್ತ ಬಂದದ್ದು. ಹಾಗೆ ಬಾಯಿಂದ ಬಾಯಿಗೆ ಬರುವಾಗ ಕಲಬೆರಕೆಯಾಗದೆ ಇರುತ್ತದೆಯೇ? ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಊರೂರು ಅಲೆದು, ಆ ಮಾತುಗಳನ್ನೆಲ್ಲ ಕೇಳಿ, ಸೋಸಿ, ಗಟ್ಟಿಯಾದದ್ದನ್ನು ಮಾತ್ರ ಉಳಿಸಿಕೊಟ್ಟ ಒಬ್ಬ ಮಹಾ ವಿದ್ವಾಂಸರ ಸಮಾಧಿ ಸಮರ್ಕಂದದ ಹೊರಗಿನ ಒಂದು ಹಳ್ಳಿಯಲ್ಲಿದೆ. ನಮ್ಮ ಮನೆಯಲ್ಲಿ ಅವರ ಹೆಸರು ಹಿಡಿದು ಮಾತಾಡುವುದಿಲ್ಲ. ಇಮಾಮ್ ಸಾಹೇಬರು ಅಂದರೆ ಅವರೇ.

ಅಲ್ಲಿಗೊಮ್ಮೆ ಹೋಗಬೇಕೆಂದು ಆಪಾ ಪಾಸ್‌ಪೋರ್ಟು ಮಾಡಿಸಿಕೊಂಡಿದ್ದರು. ಅದು ಕೈಗೆ ಬಂದ ವರ್ಷವೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಗಲಿಲ್ಲ, ಆದರೆ ಒಂದೊಂದು ಪದವೂ ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನ ಹಾಗೆ ಅರ್ಧ ಹೊರಗೆ, ಅರ್ಧ ಒಳಗೆ. ಮೊದಮೊದಲು ನಾವೆಲ್ಲ ಕಿವಿಗೊಟ್ಟು ಕೇಳಿದೆವು. ಆಮೇಲೆ ಮನೆಯಲ್ಲಿ ಒಂದು ಅಭ್ಯಾಸ ಶುರುವಾಯಿತು, ಯಾರು ಶುರು ಮಾಡಿದರೋ ಗೊತ್ತಿಲ್ಲ. ಆಪಾ ಏನಾದರೂ ಹೇಳಲು ಹೊರಟರೆ ನಾವು 'ಹೂಂ ಆಪಾ, ಹೂಂ ಆಪಾ' ಎಂದು ತಲೆಯಾಡಿಸುವುದು. ಅವರಿಗೆ ಆಯಾಸವಾಗಬಾರದಲ್ಲ, ಅದಕ್ಕೆ. ಹಾಗೆಂದು ನಮಗೆ ನಾವೇ ಹೇಳಿಕೊಂಡಿದ್ದೆವು.

"ನಾನು ಹೋಗಕ್ಕಾಗಲ್ಲ, ನೀನು ಹೋಗಿ ಬಾ" ಎಂದು ಆಪಾ ಒಂದು ಇಡೀ ಬೆಳಿಗ್ಗೆ ತೆಗೆದುಕೊಂಡು ನನಗೆ ಹೇಳಿದರು. ಅದು ಮಾತ್ರ ಸ್ಪಷ್ಟವಾಗಿ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ಒಂದು ವಾರ ಅಂದುಕೊಂಡೆ.

ಸುದ್ದಿ ಹಬ್ಬಿತು. ಹಿರಿಯರ ಸಮಾಧಿಗೆ ಹೋಗುವವರ ಕೈಯಲ್ಲಿ ಸಲಾಮು ಕಳಿಸುವುದು ನಮ್ಮಲ್ಲಿ ರೂಢಿ. 'ನನ್ನ ಸಲಾಮು ಮುಟ್ಟಿಸು' ಎಂದು ಒಬ್ಬರು ಹೇಳಿ, ನೀವು ಹೂಂ ಅಂದಿರಾದರೆ ಅದು ಅಮಾನತು, ನಂಬಿ ಕೈಗಿಟ್ಟ ವಸ್ತು. ಮರೆತರೆ ನಂಬಿಕೆ ಕಳೆದ ಹಾಗೆ. ನಾನು ಒಂದು ಪುಸ್ತಕ ಇಟ್ಟು ಹೆಸರು ಬರೆದುಕೊಂಡೆ. ಮಾಗಡಿಯ ಚಿಕ್ಕಮ್ಮ, ಕನಕಪುರದ ದರ್ಜಿ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ನನ್ನ ಭಾವಮೈದುನರು ಮೂವರು. ಆ ಭಾವಮೈದುನರಿಗೆ ರೇಷ್ಮೆ ಗೂಡು ಮಾರುವ ಕೂಟಗಲ್‌ನ ಸಿದ್ದೇಗೌಡರು ಕಾರ್ಖಾನೆಗೇ ಬಂದರು.

"ನಂದೂ ಒಂದ್ ಬರ್ಕಳಿ ಸಾಬ್ರೇ."

"ಗೌಡ್ರೇ, ಅದು ಸಲಾಮು."

"ಗೊತ್ತು ಕಣೇಳಿ. ದೊಡ್ಡೋರ್ಗೆ ಕೈ ಮುಗ್ಯಾಕೆ ಅರ್ಜಿ ಹಾಕ್ಬೇಕಾ? ಸಿದ್ದೇಗೌಡ ಕೇಳ್ದ ಅನ್ನಿ, ಕೂಟಗಲ್ಲು ಅಂತ ಸೇರ್ಸಿ, ಇಲ್ದಿದ್ರೆ ಯಾವ ಸಿದ್ದೇಗೌಡ ಅಂತ ತಿಳೀಬೇಕಲ್ಲ ಅವರ್ಗೆ."

ನಲವತ್ತೊಂದನೆಯ ಹೆಸರು ಅವರದು.

ಹೊರಡುವ ಮಧ್ಯಾಹ್ನ ಆಪಾ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡರು. ಎಡಗೈಯಿಂದ ನನ್ನ ತೋಳು ಹಿಡಿದು ಮಾತಾಡತೊಡಗಿದರು. ಅರ್ಧ ಗಂಟೆಯಾದರೂ ಆಗಿರಬೇಕು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮನಸ್ಸು ಮಾತ್ರ ಸೊಂಟದ ಚೀಲದಲ್ಲಿತ್ತು: ನನ್ನದೂ ಹೆಂಡತಿಯದೂ ಸೇರಿ ಪಾಸ್‌ಪೋರ್ಟು ಎರಡು, ಟಿಕೆಟ್ಟಿನ ನಕಲು ಮೂರು, ಮಾತ್ರೆ ಪಟ್ಟಿ, ಗ್ಯಾಸ್ ಆರಿಸಿದ್ದೇವಾ? ಕೊನೆಗೆ ಆಪಾ ನಿಲ್ಲಿಸಿ ನನ್ನನ್ನು ನೋಡಿದರು.

"ಹೂಂ ಆಪಾ, ಖಂಡಿತ" ಎಂದೆ. ಎದ್ದು ಹೋಗಿ ಗ್ಯಾಸ್ ನೋಡಿದೆ. ಆರಿತ್ತು.

ತಾಷ್ಕೆಂಟ್

ಪೆಟ್ಟಿಗೆ ಬಂತು. ಬೀಗದ ಕೈಯೂ ಇತ್ತು. ಆದರೆ ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿದ. ಅದರಲ್ಲಿ ಉಡುಗೊರೆಗೆಂದು ಇಟ್ಟ ಇಪ್ಪತ್ತು ಬುಗುರಿ, ಹತ್ತು ಗಿಲಕಿ. ಅರಗಿನ ಬಣ್ಣ ಒಯ್ಯಲು ಯಾವುದೋ ಕಾಗದ ಬೇಕಿತ್ತು, ಅದು ನನ್ನಲ್ಲಿಲ್ಲ, ನನ್ನನ್ನು ಜೈಲಿಗೆ ಹಾಕುತ್ತಾರೆ, ಆಪಾಗೆ ಯಾರು ಹೇಳುವುದು ಎಂದು ನಾನು ಅಲ್ಲೇ ಲೆಕ್ಕ ಹಾಕಿದೆ. ಅಧಿಕಾರಿ ಒಂದು ಬುಗುರಿ ತೆಗೆದು ಮೇಜಿನ ಮೇಲೆ ತಿರುಗಿಸಿದ. ಅದು ಪಲ್ಟಿ ಹೊಡೆದು ತಲೆಕೆಳಗಾಗಿ ತಿರುಗತೊಡಗಿತು, ಅದರ ಜಾಯಮಾನವೇ ಅದು. ಅವನು ಪಕ್ಕದವನನ್ನು ಕರೆದ. ಪಕ್ಕದವನು ಇನ್ನೊಬ್ಬನನ್ನು ಕರೆದ. ನಮ್ಮ ಹಿಂದೆ ಸಾಲು ಬೆಳೆಯಿತು. ಕೊನೆಗೆ ಮೂವರೂ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅದು ಅಲ್ಲಿನವರ ನಮಸ್ಕಾರ. ನಾನೂ ಎದೆ ಮುಟ್ಟಿಕೊಂಡೆ. ಮುಟ್ಟಿಕೊಳ್ಳಲು ನನಗೆ ಬೇರೆ ಕಾರಣವೂ ಇತ್ತು.

ನನ್ನ ಹೆಂಡತಿ ನಸ್ರೀನ್ ರಾಮನಗರದ ರೇಷ್ಮೆ ಮನೆತನದವಳು. ಬಿಸಿನೀರಿಗೆ ಹಾಕಿದ ರೇಷ್ಮೆ ಗೂಡಿನಲ್ಲಿ ಎಳೆಯ ತುದಿ ಹುಡುಕುವವರ ಹಾಗೆ ನನ್ನ ಮಾತಿನಲ್ಲಿ ಸುಳ್ಳಿನ ತುದಿ ಹುಡುಕಿ ಎಳೆಯುತ್ತಾಳೆ. ಮನೆಯಲ್ಲಿ ನಾವು ಆಡುವುದು ನಮ್ಮ ಕಡೆಯ ಉರ್ದು. ಮೊದಲ ದಿನ ಟ್ಯಾಕ್ಸಿಯಲ್ಲಿ ಅದರಲ್ಲೇ ಜಗಳವಾಡಿದೆವು. ಚಾಲಕ ನಕ್ಕುಬಿಟ್ಟ. ಹಿಂದಿ ಸಿನಿಮಾ ನೋಡಿ ನೋಡಿ ಅವನಿಗೆ ಅರ್ಧ ತಿಳಿಯುತ್ತಿತ್ತು. ಅಂದಿನಿಂದ ಜಗಳಕ್ಕೆ ಕನ್ನಡವೇ ಗತಿಯಾಯಿತು. ಮಧ್ಯ ಏಷ್ಯಾದಲ್ಲಿ ಇಷ್ಟು ಕನ್ನಡ ಆಡಿದ ದಂಪತಿ ಬೇರೆ ಇರಲಾರರು.

"ರೀ, ಮಫ್ಲರ್ ಎಲ್ರೀ?"

"ತಂದಿಲ್ಲ."

"ಮೂರು ನಕಲು ಟಿಕೆಟ್ ತಂದೋರು ಒಂದು ಮಫ್ಲರ್ ತರಲಿಲ್ವಾ?"

ಗಾಳಿ ಹಾಗಿತ್ತು. ಬಿಸಿಲು ನಮ್ಮೂರಿನದೇ, ಗಾಳಿ ಮಾತ್ರ ಬೇರೆ ಯಾರದೋ ಕಡೆಯಿಂದ ಎರವಲು ತಂದದ್ದು. ಸಂಜೆಗೆ ಎಡಗಿವಿ ಚುಚ್ಚತೊಡಗಿತು. ಅದು ಮಿದುಳಿಗೆ ಸಂಬಂಧಿಸಿದ್ದು ಎಂದು ನಾನು ತೀರ್ಮಾನಿಸಿದೆ.

ಬುಖಾರಾ

ಇಮಾಮ್ ಸಾಹೇಬರು ಹುಟ್ಟಿದ ಊರು ಇದು. ನಾವು ಇಳಿದ ಮನೆಯ ಒಡತಿಯ ಹೆಸರು ಗುಲ್ನೋರಾ, ಅರವತ್ತರ ಹೆಂಗಸು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಓಪಾ' ಎಂದು. ಅಲ್ಲಿಯ ಭಾಷೆಯಲ್ಲಿ ಅಕ್ಕ. ಯಾರಾದರೂ ಬಾಗಿಲಲ್ಲಿ ನಿಂತು 'ಓಪಾ!' ಎಂದು ಕೂಗಿದಾಗಲೆಲ್ಲ ನಾನು ಬೆಚ್ಚಿ ತಿರುಗುತ್ತಿದ್ದೆ.

ಅವರು ನಮ್ಮನ್ನು ಅಂಗಳದಲ್ಲಿ ಕೂರಿಸಿ ಹಸಿರು ಚಹಾ ತಂದರು. ಹಿಡಿಯಿಲ್ಲದ ಬಟ್ಟಲು. ಅದಕ್ಕೆ ಎರಡು ಗುಟುಕು ಮಾತ್ರ ಸುರಿದರು. ನಾನು ಬಟ್ಟಲೊಳಗೆ ಇಣುಕಿ ನೋಡಿದೆ.

"ನಮ್ಮಲ್ಲಿ ಬೈಟೂನೇ ಇದಕ್ಕಿಂತ ಜಾಸ್ತಿ ಇರತ್ತೆ" ಎಂದೆ ಕನ್ನಡದಲ್ಲಿ.

"ಸುಮ್ನಿರ್ರೀ."

ಮುಗಿಸಿದೆ, ಮತ್ತೆ ಎರಡು ಗುಟುಕು. ಮತ್ತೆ ಎರಡು. ತಡೆಯಲಾರದೆ ಬಟ್ಟಲಿನ ಅಂಚಿನವರೆಗೆ ಬೆರಳು ತೋರಿಸಿ, ಇಲ್ಲಿಯವರೆಗೆ ಹಾಕಿ ಎಂದು ಸನ್ನೆ ಮಾಡಿದೆ. ಓಪಾರ ಮುಖ ಬಾಡಿತು. ಸಿನಿಮಾ ಹಿಂದಿಯಲ್ಲಿ ತಡವರಿಸುತ್ತ ವಿವರಿಸಿದರು: ಕಡಿಮೆ ಸುರಿದರೆ ಮತ್ತೆ ಮತ್ತೆ ಸುರಿಯುವ ನೆಪ ಸಿಗುತ್ತದೆ, ಅತಿಥಿ ಇನ್ನಷ್ಟು ಹೊತ್ತು ಕೂರಲಿ ಎಂದರ್ಥ. ತುಂಬಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ನಾನೇ ನನ್ನನ್ನು ಹೊರಗೆ ಕಳಿಸಿ ಎಂದು ಕೇಳಿದ ಹಾಗಾಗಿತ್ತು. ನಸ್ರೀನ್ ಒಂದು ಗಿಲಕಿ ಕೊಟ್ಟು ಸಂಧಾನ ಮಾಡಿದಳು. ಓಪಾ ನನ್ನ ಕಿವಿ ನೋಡಿ ಹತ್ತಿ ತುರುಕಿದರು.

ಆ ಅಂಗಳದಲ್ಲಿ ಕೂತು ನನಗೆ ನೆನಪಾದದ್ದೆಲ್ಲ ಆಪಾರ ಬಾಯಿಂದ ಕೇಳಿದ್ದು. ಇಮಾಮ್ ಸಾಹೇಬರಿಗೆ ತಂದೆಯಿಲ್ಲ. ಚಿಕ್ಕವರಿದ್ದಾಗ ಕಣ್ಣು ಹೋಯಿತಂತೆ, ತಾಯಿ ಅತ್ತು ಅತ್ತು ಬೇಡಿ ಮರಳಿ ಪಡೆದರಂತೆ. ಹದಿನಾರರ ಹೊತ್ತಿಗೆ ತಾಯಿಯ ಜೊತೆ ಹಜ್‌ಗೆ ಹೋದವರು ಮನೆಗೆ ಮರಳಲಿಲ್ಲ, ಕಲಿಯಲೆಂದು ಅಲ್ಲೇ ಉಳಿದರು. ಒಂದು ಮಾತು ಕೇಳಲು ತಿಂಗಳುಗಟ್ಟಲೆ ನಡೆದರು. ಮಾತು ಕೇಳಿದರೆ ಸಾಲದು. ನಿನಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಅವರಿಬ್ಬರೂ ಒಂದೇ ಕಾಲದಲ್ಲಿದ್ದರೇ, ಭೇಟಿಯಾಗಿದ್ದರೇ, ಅವರು ಎಂಥ ಮನುಷ್ಯರು? ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೆ ಅದನ್ನು ಸೇರಿಸುತ್ತಿರಲಿಲ್ಲ. ಮುದಿವಯಸ್ಸಿನಲ್ಲಿ ಇದೇ ಬುಖಾರಾವನ್ನು ಆಳುತ್ತಿದ್ದವನು, ಅರಮನೆಗೆ ಬಂದು ನನ್ನ ಮಕ್ಕಳಿಗೆ ಬೇರೆಯಾಗಿ ಪಾಠ ಹೇಳಿ ಎಂದನಂತೆ. ವಿದ್ಯೆ ಬೇಕಾದವರು ಅದು ಇರುವಲ್ಲಿಗೆ ಬರಲಿ ಎಂದು ಇವರು ಒಪ್ಪಲಿಲ್ಲ. ಊರು ಬಿಡಬೇಕಾಯಿತು. ನೆಂಟರ ಹಳ್ಳಿಯಲ್ಲಿ ತೀರಿಕೊಂಡರು.

ಅವರ ಜರಡಿ ಚನ್ನಪಟ್ಟಣದ ನಮ್ಮ ಬೀದಿಯವರೆಗೂ ಬಂದಿತ್ತು. 'ಅವನು ನನ್ನ ಬೈದ' ಎಂದು ಮಗು ಅಳುತ್ತ ಬಂದರೆ ಆಪಾ ಕೇಳುತ್ತಿದ್ದರು: ನೀನೇ ಕೇಳಿಸಿಕೊಂಡೆಯಾ? ಯಾರು ಹೇಳಿದರು? ಅವರು ಆಗ ಎಲ್ಲಿದ್ದರು? ಪಕ್ಕದ ಮನೆಯ ಜಯಮ್ಮ ದಿನವೂ ಊರ ಸುದ್ದಿ ತರುವ ಹೆಂಗಸು. ಮೂರು ಬಾಯಿ ದಾಟಿ ಬಂದ ಸುದ್ದಿಯನ್ನು ಆಪಾ ತಗೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಜಯಮ್ಮ ಬಾಗಿಲಲ್ಲೇ ಶುರು ಮಾಡುತ್ತಿದ್ದರು: "ಇದ್ ನಾನೇ ಕಣ್ಣಾರ ಕಂಡಿದ್ದು ಆಪಮ್ಮ, ಆಮ್ಯಾಕೆ ಯಾರ್ ಯೋಳುದ್ರು ಅನ್ಬ್ಯಾಡಿ!"

ನನಗೆ ಏಳೆಂಟು ವರ್ಷವಿದ್ದಾಗ ಖಾಲಿ ಮುಷ್ಟಿ ತೋರಿಸಿ ಬಾ ಬಾ ಎಂದು ಕೋಳಿ ಹಿಡಿಯುತ್ತಿದ್ದೆ. ಆಪಾ ಕಂಡು ಕೂರಿಸಿಕೊಂಡು ಒಂದು ಕಥೆ ಹೇಳಿದರು. ಇಮಾಮ್ ಸಾಹೇಬರು ಒಬ್ಬನಿಂದ ಒಂದು ಹದೀಸ್ ಕೇಳಲು ಬಹುದೂರ ಹೋದರು. ಹೋದಾಗ ಆತನ ಕುದುರೆ ತಪ್ಪಿಸಿಕೊಂಡಿತ್ತು. ಆತ ನಿಲುವಂಗಿಯ ಮಡಿಲು ಎತ್ತಿ ಹಿಡಿದು, ಕಾಳು ಇದೆ ಎನ್ನುವ ಹಾಗೆ ಕರೆಯುತ್ತಿದ್ದ. ಕುದುರೆ ಬಂತು, ಹಿಡಿದ. ಮಡಿಲು ಖಾಲಿ. ಕುದುರೆಗೆ ಸುಳ್ಳು ಹೇಳುವವನ ಮಾತು ನನಗೆ ಬೇಡ ಎಂದು ಇಮಾಮರು ಒಂದು ಮಾತೂ ಕೇಳದೆ ಹಿಂತಿರುಗಿದರು. ಈ ಕಥೆಯ ಸರಪಳಿಯೇ ಅಷ್ಟು ಗಟ್ಟಿಯಿಲ್ಲ ಎಂದು ಓದಿಕೊಂಡವರು ಹೇಳುತ್ತಾರೆ. ಆಪಾಗೆ ಅದೂ ಗೊತ್ತಿತ್ತು. ಈ ಕಥೆಗೆ ಮಾತ್ರ ತಪ್ಪದೆ 'ಹಾಗಂತಾರಪ್ಪ' ಎಂದು ಸೇರಿಸುತ್ತಿದ್ದರು.

ಸಮರ್ಕಂದದ ಹೊರಗೆ

ಸಮಾಧಿಯಿರುವ ಹಳ್ಳಿಗೆ ಹೋದ ದಿನ ನನ್ನ ಕಿವಿ ಪೂರ್ತಿ ಕೈಕೊಟ್ಟಿತ್ತು. ನಸ್ರೀನ್ ಚೀಲದಲ್ಲಿದ್ದ ತನ್ನ ಗುಲಾಬಿ ದುಪಟ್ಟಾ ತೆಗೆದು ನನ್ನ ತಲೆಗೆ, ಕಿವಿಗೆ, ಗದ್ದಕ್ಕೆ ಸುತ್ತಿ ಗಂಟು ಹಾಕಿದಳು. "ಯಾರೂ ನೋಡಲ್ಲ ಬನ್ನಿ" ಅಂದಳು. ಎಲ್ಲರೂ ನೋಡಿದರು. ಒಂದು ಮುದುಕರ ಗುಂಪು ಎದೆಯ ಮೇಲೆ ಕೈಯಿಟ್ಟು ವಿಶೇಷ ಮರ್ಯಾದೆ ತೋರಿಸಿತು, ಯಾವ ದೇಶದ ಪೀರ್ ಸಾಹೇಬರೋ ಅಂದುಕೊಂಡಿರಬೇಕು.

ಅಲ್ಲಿ ಗದ್ದಲವಿಲ್ಲ. ಜನ ಬೆಂಚಿನ ಮೇಲೆ ಕೂರುತ್ತಾರೆ, ಒಬ್ಬರು ಕುರಾನಿನ ಸಾಲು ಓದುತ್ತಾರೆ, ಎಲ್ಲರೂ ಅಂಗೈ ಎತ್ತಿ ಬೇಡಿಕೊಂಡು ಮುಖ ಸವರಿಕೊಂಡು ಎದ್ದು ಹೋಗುತ್ತಾರೆ. ನಾವು ಸಮಾಧಿಯ ಹತ್ತಿರ ನಿಂತೆವು. ನಾನು ಪುಸ್ತಕ ತೆಗೆದೆ. ಮಾಗಡಿಯ ಚಿಕ್ಕಮ್ಮನಿಂದ ಶುರು ಮಾಡಿ ಒಂದೊಂದೇ ಹೆಸರು, ಊರು ಸಮೇತ, ಮೆಲ್ಲಗೆ ಓದಿದೆ. ನಲವತ್ತೊಂದನೆಯದಕ್ಕೆ, 'ಕೂಟಗಲ್ ಸಿದ್ದೇಗೌಡರು, ರೇಷ್ಮೆ ಬೆಳೆಯುವವರು, ಕೇಳಿದರು' ಎಂದು ಕನ್ನಡದಲ್ಲೇ ಹೇಳಿದೆ. ಪುಸ್ತಕ ಮುಚ್ಚಿದಾಗ ಎದೆ ಹಗುರಾಗಿತ್ತು. ಜೀವನದಲ್ಲಿ ಒಂದು ಕೆಲಸವನ್ನಾದರೂ ತಪ್ಪಿಲ್ಲದೆ ಮಾಡಿದೆ ಅನ್ನಿಸಿತು. ಆ ಸುಖ ಎರಡು ನಿಮಿಷ ಇತ್ತು.

"ಆಪಾದು ಹೇಳಿದ್ರಾ?" ಎಂದಳು ನಸ್ರೀನ್.

"ಅದೇ... ಆಪಾದೂ..."

"ಅವತ್ತು ಅರ್ಧ ಗಂಟೆ ಕೂರಿಸ್ಕೊಂಡು ಹೇಳಿದ್ರಲ್ಲ. ನಾನು ಅಡುಗೆ ಮನೇಲಿದ್ದೆ. ಏನು ಹೇಳಿದ್ರು?"

ನಾನು ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದು ಹಾಳೆ ತಿರುವಿದೆ. ಅವಳಿಗೆ ಎಳೆಯ ತುದಿ ಸಿಕ್ಕಿತು.

"ಕೇಳಿಸ್ಕೊಳ್ಳಲಿಲ್ವಾ?"

"ಹೂಂ ಅಂದೆ."

"ಅದನ್ನಲ್ಲ ನಾನು ಕೇಳಿದ್ದು."

ಯಾರ ಬದಲಿಗೆ ಬಂದೆನೋ ಅವರ ಮಾತೇ ನನ್ನ ಬಳಿ ಇರಲಿಲ್ಲ. ಒಂದು ದಾರಿಯಿತ್ತು: 'ಆಪಾ ಸಲಾಮು ಹೇಳಿದ್ದಾರೆ' ಎಂದುಬಿಡುವುದು. ಮನೆಗೆ ಹೋಗಿ 'ನೀವು ಹೇಳಿದ್ದನ್ನೆಲ್ಲ ಹೇಳಿದೆ ಆಪಾ' ಎನ್ನುವುದು. ಅವರು ಖುಷಿಪಡುತ್ತಾರೆ, ಯಾರಿಗೂ ನಷ್ಟವಿಲ್ಲ. ಬಾಯಿ ತೆರೆದೂ ತೆರೆದೆ. ಎದುರಿಗೆ ಮಲಗಿದವರು ಕುದುರೆಗೆ ಖಾಲಿ ಮಡಿಲು ತೋರಿಸಿದವನ ಬಾಗಿಲಿಂದ ಎದ್ದು ಹೋದವರು. ಒಂದು ಮಾತಿಗಾಗಿ ತಿಂಗಳುಗಟ್ಟಲೆ ನಡೆದವರು. ನಾನು ಒಂದು ಮೊಳ ದೂರದಲ್ಲಿ ಕೂತು ಕೇಳಿಸಿಕೊಳ್ಳದವನು. ಒಂದು ದಿನದ್ದಾದರೆ ಹೋಗಲಿ, ಎರಡು ವರ್ಷದಿಂದ ನಮ್ಮ ಮನೆಮಂದಿಯೆಲ್ಲ ಆಪಾಗೆ ಅದೇ ಮಡಿಲು ತೋರಿಸುತ್ತಿದ್ದೆವು. ಆಪಾಗೆ ಅದು ಗೊತ್ತಿರಲಿಲ್ಲವೇ? ಈ ಕಥೆ ಹೇಳಿಕೊಟ್ಟವರೇ ಅವರು.

ಹೊರಗಿನ ಮರದ ಕೆಳಗೆ ಬಂದು ವಿಡಿಯೊ ಕಾಲ್ ಮಾಡಿದೆ. ನಾವಿಲ್ಲದಾಗ ಆಪಾರ ಜೊತೆ ಇರುವವರು ಜಯಮ್ಮ. ಪರದೆಯ ತುಂಬ ಮೊದಲು ಅವರ ಹಣೆ ಬಂತು.

"ಅಯ್ಯೋ ಅಣ್ಣ! ಏನಾಯ್ತು ತಲ್ಗೆ? ಪೆಟ್ಟಾಯ್ತಾ?"

"ಏನಿಲ್ಲ ಜಯಮ್ಮ, ಚಳಿ. ಆಪಾ ಹತ್ರ ಕೊಡಿ. ಅವತ್ತು ಅವರು ಹೇಳಿದ್ದು ನಂಗೆ... ನಾನು ಕೇಳಿಸ್ಕೊಂಡಿರಲಿಲ್ಲ."

"ಅದ್ ನಮ್ಗೂ ಗೊತ್ತು ಕಣೇಳಿ. ತಲೆ ಆಡ್ಸ್ಬುಟ್ಟು ಹೊಂಟೋದ, ಏನೂ ಕೇಳ್ನಿಲ್ಲ ಅಂತ ಅವತ್ತು ಒಸಿ ಕಣ್ಣೀರೂ ಹಾಕುದ್ರು. ಆಮ್ಯಾಕೆ ನಾನೇ ಕೇಳ್ದೆ. ಮೂರ್ ಕಿತ ಯೋಳುಸ್ದೆ, ತಿಳೀತು."

"ನಿಮಗೆ ಹೇಗೆ ತಿಳಿಯತ್ತೆ ಜಯಮ್ಮ ಅವರ ಮಾತು?"

"ಅದ್ರಲ್ಲೇನೈತೆ? ತಿಳೀದಿದ್ರೆ ತಿಳೀನಿಲ್ಲ ಅಂತೀನಿ. ಇನ್ನೊಂದ್ ಕಿತ ಯೋಳಿ ಅಂತೀನಿ. ಅವ್ರು ಯೋಳ್ತಾರೆ. ನಾನೇನ್ ಓದಿದ್ದೀನಾ, ನಾಚ್ಕೊಳಾಕೆ? ಅವರ್ ಅಂದಿದ್ದು ಏನಂದ್ರೆ..."

"ಬೇಡ ಜಯಮ್ಮ" ಎಂದು ತಡೆದೆ. "ಅವರ ಬಾಯಿಂದಲೇ ಕೇಳ್ತೀನಿ."

ಆಪಾ ಪರದೆಗೆ ಬಂದರು. ಫೋನಿನ ಬ್ಯಾಟರಿ ಕಾಲು ಭಾಗ ಉಳಿದಿತ್ತು. ಅದನ್ನು ನೋಡಿದೆ, ಆಮೇಲೆ ನೋಡಲಿಲ್ಲ. ನಸ್ರೀನ್ ಎರಡೂ ಕೈಯಿಂದ ಫೋನು ಹಿಡಿದಳು. ಕಿವಿಗೆ ಸುತ್ತಿದ್ದ ದುಪಟ್ಟಾ ಒಂದು ಕಡೆ ಸರಿಸಿ, ಹತ್ತಿ ತೆಗೆದು, "ಆಪಾ, ಹೇಳಿ" ಎಂದೆ.

ಅವರು ಹೇಳಿದರು. ಮೊದಲ ಪದ ಹಿಡಿಯಲು ನನಗೆ ಎಷ್ಟು ಹೊತ್ತಾಯಿತೋ. 'ಅರ್ಥ ಆಗಲಿಲ್ಲ ಆಪಾ' ಎಂದು ಮೊದಲ ಸಲ ಅಂದಾಗ ನನ್ನ ನಾಲಿಗೆಯೇ ಅವರದರ ಹಾಗೆ ತಡವರಿಸಿತು. ಅವರು ಬೇಸರಿಸಲಿಲ್ಲ. ಮತ್ತೆ ಹೇಳಿದರು, ಎಡಗೈ ಎತ್ತಿ ಕಿವಿ ಮುಟ್ಟಿಕೊಂಡು ಹೇಳಿದರು. ಕೊನೆಗೆ ಒಂದೊಂದಾಗಿ ಬಂದವು: ಚಳಿ. ಕಿವಿ. ನಿನಗೆ ಚಿಕ್ಕಂದಿನಿಂದ. ಮಫ್ಲರ್. ನೀಲಿ ಮಫ್ಲರ್. ಟ್ರಂಕಿನಲ್ಲಿ. ತಗೊಂಡು ಹೋಗು.

ನಾನು ಗುಲಾಬಿ ದುಪಟ್ಟಾದಲ್ಲಿ ಕೂತಿದ್ದೆ. ಆಪಾ ಅದನ್ನು ಆಗ ಸರಿಯಾಗಿ ನೋಡಿದರು. ನಕ್ಕರು. ಮಾತು ಸೋತಿತ್ತು, ನಗು ಸೋತಿರಲಿಲ್ಲ. ಅದು ಎಲ್ಲೂ ಸಿಕ್ಕಿಕೊಳ್ಳದೆ ಪೂರ್ತಿಯಾಗಿ ಹೊರಗೆ ಬಂತು, ಹಳೆಯ ಆಪಾರ ನಗು. ಹಿಂದಿನಿಂದ ಜಯಮ್ಮನೂ ಸೇರಿಕೊಂಡರು. ನಸ್ರೀನ್ ನಗುತ್ತ ಕಣ್ಣೊರೆಸಿಕೊಂಡಾಗ ಪರದೆ ಅಲುಗಾಡಿತು.

"ಇಮಾಮ್ ಸಾಹೇಬರಿಗೆ ಏನು ಹೇಳಲಿ ಆಪಾ?" ಎಂದು ಕೇಳಿದೆ.

ಅದಕ್ಕೆ ಅವರು ಹೇಳಿದ್ದು ಮೂರು ಪದ. ನಾಲ್ಕು ಸಲ ಕೇಳಿ ಖಾತರಿ ಮಾಡಿಕೊಂಡೆ. ಅದು ಅಮಾನತು, ಇಲ್ಲಿ ಬರೆಯುವುದಿಲ್ಲ. ಮತ್ತೆ ಒಳಗೆ ಹೋಗಿ, ಪುಸ್ತಕ ತೆರೆಯದೆ, ಅದನ್ನು ಮುಟ್ಟಿಸಿ ಬಂದೆ.

ಮತ್ತೆ ಚನ್ನಪಟ್ಟಣ

ನಾವು ಬಂದ ಸಂಜೆ ಸಿದ್ದೇಗೌಡರು ಬಂದು, "ಊರ ಹೆಸ್ರು ಸೇರ್ಸುದ್ರಾ?" ಎಂದು ಖಾತರಿ ಮಾಡಿಕೊಂಡು ಹೋದರು. ಆಪಾರ ಕೈಗೆ ಸಮಾಧಿಯ ಅಂಗಳದಲ್ಲಿ ಬಿದ್ದಿದ್ದ ಒಂದು ಎಲೆ ಕೊಟ್ಟೆ, ಅದನ್ನು ಅವರು ಮುದ್ರೆಯೇ ಬೀಳದ ತಮ್ಮ ಪಾಸ್‌ಪೋರ್ಟಿನ ಮೊದಲ ಹಾಳೆಯಲ್ಲಿ ಇಡಿಸಿದರು. ನೀಲಿ ಮಫ್ಲರು ಟ್ರಂಕಿನಿಂದ ಹೊರಬಂದು ನನ್ನ ಕುತ್ತಿಗೆಯಲ್ಲಿತ್ತು. ಚನ್ನಪಟ್ಟಣದ ಸೆಕೆಯಲ್ಲಿ, ಆಪಾರ ಆಜ್ಞೆಯಂತೆ.

ನಾನೇ ಚಹಾ ಮಾಡಿದೆ. ಬುಖಾರಾದಲ್ಲಿ ಕಲಿತ ಮರ್ಯಾದೆ ತೋರಿಸಬೇಕಲ್ಲ, ಆಪಾರ ಲೋಟಕ್ಕೆ ಎರಡೇ ಗುಟುಕು ಸುರಿದು, ಎದೆಯ ಮೇಲೆ ಒಂದು ಕೈಯಿಟ್ಟು ಇನ್ನೊಂದು ಕೈಯಿಂದ ಕೊಟ್ಟೆ. ಆಪಾ ಲೋಟದೊಳಗೆ ನೋಡಿದರು. ನನ್ನನ್ನು ನೋಡಿದರು. ಏನೋ ಹೇಳತೊಡಗಿದರು.

ತಲೆ ತಾನಾಗಿಯೇ ಆಡಲು ಹೊರಟಿತ್ತು. ಹಿಡಿದು ನಿಲ್ಲಿಸಿದೆ.

"ತಿಳೀನಿಲ್ಲ ಆಪಾ. ಇನ್ನೊಂದ್ಸಲ ಹೇಳಿ."

ಹೇಳಿದರು. ನಸ್ರೀನ್ ಬಂದು ಪಕ್ಕದಲ್ಲಿ ಕೂತಳು. "ನಂಗೂ ತಿಳೀಲಿಲ್ಲ ಆಪಾ."

ಬಾಗಿಲಲ್ಲಿ ನಿಂತಿದ್ದ ಜಯಮ್ಮನಿಗೆ ಆಗಲೇ ತಿಳಿದಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತರು, ಹೇಳಲಿಲ್ಲ.

ಆಪಾ ಉಸಿರು ಎಳೆದುಕೊಂಡರು. ನಾವು ಕಾದೆವು. ಒಂದು ಪದ ಬಂತು, ನಿಂತಿತು. ಇನ್ನೊಂದು ಬಂತು. ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾಗಿ ಬಂತು.

"ಲೋಟ... ತುಂಬ... ಹಾಕೋ!"